ಮನೆಬಾಗಿಲಿನ ದಫ್ತರ: ಮಲೆನಾಡಿನ ಅಂಚಿನಲ್ಲಿ ಹೃದಯ ತಪಾಸಣೆಯ ಪೂರ್ವಕಥೆ

ಕೊಡಗಿನ ಉತ್ತರದ ತುದಿಯಲ್ಲಿ, ಹಾಸನ ಜಿಲ್ಲೆಯ ಎಲ್ಲೆಗೆ ಒತ್ತಿಕೊಂಡು ನೆಲಸಿರುವ ಕೊಡ್ಲಿಪೇಟೆಯು, 1834ರಲ್ಲಿ ಹಾಲೇರಿ ಅರಸರ ಆಳ್ವಿಕೆ ಮುಗಿದು ಕಂಪೆನಿಯ ಅಧಿಕಾರ ನೆಲೆಗೊಂಡ ಮೇಲೆಯೂ ಬಹುಕಾಲ ಏಳುಸಾವಿರ ಸೀಮೆಯೆಂಬ ಹೆಸರನ್ನು ಉಳಿಸಿಕೊಂಡಿದ್ದ ನಾಡಿನ ಪೇಟೆ. ತಗ್ಗಿನಲ್ಲಿ ಗದ್ದೆಯನ್ನೂ ದಿಣ್ಣೆಯಲ್ಲಿ ಕಾಫಿಯನ್ನೂ ಮೆಣಸನ್ನೂ ಬೆಳೆಯುವ, ಕನ್ನಡವನ್ನೇ ಮನೆಮಾತಾಗಿ ಆಡುವ ಕುಟುಂಬಗಳೇ ಹೆಚ್ಚಾಗಿರುವ ಈ ಸೀಮೆಯವರು ಕಾಗದಪತ್ರದ ಕೆಲಸಕ್ಕೆ ಸೋಮವಾರಪೇಟೆ, ಮಡಿಕೇರಿಗಳ ಕಡೆಗೆ ಮುಖಮಾಡಬೇಕಾದರೂ, ಜಡ್ಡುಜಾಪತ್ರೆಗೆ ಸಕಲೇಶಪುರ, ಹಾಸನಗಳ ದಾರಿ ಹಿಡಿಯುವುದೂ ಉಂಟು. ಇಂಥದೊಂದು ಊರಿನ ನೆಲೆಯಲ್ಲಿ ನಿಂತು, ಹೃದಯದ ಕಾಯಿಲೆಯನ್ನು ಅದು ಎದೆಯನ್ನು ಹಿಡಿದು ಕೆಡಹುವ ಮೊದಲೇ ಪತ್ತೆಹಚ್ಚಿ ತಡೆಯಬಹುದೆಂಬ ವಿಚಾರವು ನಮ್ಮ ಸೀಮೆಗೆ ಯಾವ ಮಾರ್ಗವಾಗಿ ಬಂದಿತೆಂದು ಹಿಂದಿರುಗಿ ನೋಡಿದರೆ, ಅದರ ಬೇರು ಹೃದಯವೈದ್ಯರ ಶಸ್ತ್ರಶಾಲೆಗಳಲ್ಲಿ ಇಲ್ಲವೆಂಬುದೂ, ದಾಕು ಹಾಕುವವರ ಪೆಟ್ಟಿಗೆಯಲ್ಲಿ, ಮಲೇರಿಯಾ ನೌಕರರ ಗಾಜಿನ ಪಟ್ಟಿಯಲ್ಲಿ, ಹೆರಿಗೆ ಆಸ್ಪತ್ರೆಯ ದಾದಿಯರ ದಫ್ತರದಲ್ಲಿ ಇದೆಯೆಂಬುದೂ ನನಗೆ ದೃಢವಾಗುತ್ತ ಬಂದಿದೆ.

ರೋಗವಿಲ್ಲದವನನ್ನು ಕರೆದು ಕೂರಿಸಿ ಅವನ ಮೈಯನ್ನು ಮುಟ್ಟಿ ನೋಡುವ ಅಧಿಕಾರವನ್ನು ವೈದ್ಯನಿಗೆ ಜನರು ಕೊಟ್ಟದ್ದು ಸುಲಭದ ಮಾತಲ್ಲ. ಜಡ್ಡು ಬಿದ್ದವನು ವೈದ್ಯನ ಮನೆಗೆ ಹೋಗುವುದು ಲೋಕರೂಢಿ; ವೈದ್ಯನು ಗಟ್ಟಿಮುಟ್ಟಾದವನ ಮನೆಗೆ ಬರುವುದು ಹೊಸ ಪದ್ಧತಿ. ಈ ಪದ್ಧತಿಯ ಮೊದಲ ಪಾಠವನ್ನು ಕನ್ನಡ ನಾಡು ಕಲಿತದ್ದು ಸಿಡುಬಿನ ದಾಕಿನಿಂದ. ಮೈಸೂರಿನ ಅರಮನೆಯ ಮೂವರು ರಾಜಸ್ತ್ರೀಯರನ್ನು ಚಿತ್ರಿಸಿರುವ, 1805ರ ಸುಮಾರಿನದೆಂದೂ ಥಾಮಸ್ ಹಿಕಿಯ ಕೈಯದೆಂದೂ ಎಣಿಸಲಾಗಿರುವ ತೈಲಚಿತ್ರವೊಂದುಂಟು. ಅದರಲ್ಲಿ ಒಬ್ಬಾಕೆ ತನ್ನ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುವ ಭಂಗಿಯಲ್ಲಿ ನಿಂತಿರುವುದನ್ನು ಗಮನಿಸಿದ ಇತಿಹಾಸಜ್ಞ ನೈಜೆಲ್ ಚಾನ್ಸೆಲರ್, ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿಯೆಂದೂ, ದಾಕು ಹಾಕಿಸಿಕೊಂಡ ಗುರುತನ್ನು ಪ್ರಜೆಗಳಿಗೆ ತೋರಿಸಿ ಧೈರ್ಯ ತುಂಬುವುದೇ ಆ ಚಿತ್ರದ ಉದ್ದೇಶವೆಂದೂ ವಾದಿಸಿದ್ದಾರೆ. ಈ ವ್ಯಾಖ್ಯಾನವನ್ನು ಒಪ್ಪುವುದಾದರೆ, ಸಮುದಾಯಕ್ಕೆ ಆರೋಗ್ಯಶಿಕ್ಷಣ ಕೊಡುವ ಕೆಲಸಕ್ಕೆ ಅಂತಃಪುರದ ಸ್ತ್ರೀಯೊಬ್ಬಳು ತನ್ನ ಸಂಕೋಚವನ್ನು ಬದಿಗಿಟ್ಟು ಮುಂದೆ ಬಂದ ಆ ಗಳಿಗೆಯು ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಈಗಿರುವುದಕ್ಕಿಂತ ದೊಡ್ಡ ಸ್ಥಾನಕ್ಕೆ ಅರ್ಹವಾದುದು.

ಎರಡನೆಯ ಪಾಠ ಚಳಿಜ್ವರದ್ದು. ಕೊಡಗಿನ ಕಾಡಂಚಿನ ಊರುಗಳಿಗೆ ಮಲೇರಿಯಾ ಎಂಬುದು ಮಳೆಯಷ್ಟೇ ಪರಿಚಿತವಾಗಿದ್ದ ಕಾಲದಲ್ಲಿ, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ಅದರ ಮುಂದುವರಿದ ರೂಪವಾದ ನಿರ್ಮೂಲನ ಕಾರ್ಯಕ್ರಮವೂ ಹೊರಟುವು. ಡಿ.ಡಿ.ಟಿ. ಸಿಂಪಡಿಸುವ ತಂಡ ಬಂದುಹೋದ ಮೇಲೆ, ಖಾಕಿ ಉಡುಪಿನ ನೌಕರನೊಬ್ಬನು ಹದಿನೈದು ದಿನಕ್ಕೊಮ್ಮೆ ಪ್ರತಿಯೊಂದು ಮನೆಗೂ ಹೋಗಿ, ಜ್ವರ ಬಂದವರುಂಟೇ ಎಂದು ವಿಚಾರಿಸಿ, ಉಂಟೆಂದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ಸವರಿಕೊಂಡು, ತಾನು ಬಂದ ದಿನಾಂಕವನ್ನು ಗೋಡೆಯ ಮೇಲೆ ಬರೆದು ಮುಂದಿನ ಮನೆಗೆ ನಡೆಯುವುದು ಆ ಕಾರ್ಯಕ್ರಮದ ಕ್ರಮವಾಗಿದ್ದಿತು. ಆಸ್ಪತ್ರೆಯನ್ನು ಕಾಣದ ಮನೆಗಳ ಗೋಡೆಯೂ ಹೀಗೆ ಒಂದು ದಫ್ತರವಾಯಿತು. ಮನೆಯನ್ನು ಲೆಕ್ಕಕ್ಕೆ ಹಿಡಿಯುವುದು, ಗೊತ್ತಾದ ದಿನಕ್ಕೆ ಮರಳಿ ಬರುವುದು, ಬಂದುದಕ್ಕೆ ಗುರುತು ಬಿಡುವುದು, ಈ ಮೂರೂ ನಮ್ಮ ಹಳ್ಳಿಗಳಿಗೆ ಅಭ್ಯಾಸವಾದುದು ಆಗಲೇ.

ಇದರ ಜತೆಗೇ ನೆನೆಯಬೇಕಾದ ಇನ್ನೊಂದು ಅಧ್ಯಾಯವು ತುಮಕೂರಿನದು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಹುಡುಕಿ, ಅವರು ತಮ್ಮ ರೋಗದ ವಿಷಯದಲ್ಲಿ ಏನನ್ನು ತಿಳಿದಿದ್ದಾರೆಂದು ವಿಚಾರಿಸಿದರು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ 1963ರಲ್ಲಿ ಪ್ರಕಟಿಸಿದ ಆ ಅಧ್ಯಯನದಿಂದ ಹೊರಬಿದ್ದ ಸಂಗತಿಯು ಪಟ್ಟಣದ ವೈದ್ಯರ ಅಹಂಕಾರವನ್ನು ತಗ್ಗಿಸುವಂಥದು: ಹಳ್ಳಿಯವರು ಅಜ್ಞಾನದಿಂದ ಸುಮ್ಮನಿದ್ದವರಲ್ಲ, ರೋಗಿಗಳಲ್ಲಿ ಬಹುಮಂದಿಗೆ ತಮ್ಮ ಕೆಮ್ಮಿನ, ಜ್ವರದ ಅರಿವಿದ್ದಿತು, ಸುಮಾರು ಅರ್ಧದಷ್ಟು ಮಂದಿ ಆಗಲೇ ಯಾವುದಾದರೊಂದು ಚಿಕಿತ್ಸಾಲಯದ ಬಾಗಿಲನ್ನು ತಟ್ಟಿಬಂದಿದ್ದರು. ಆದುದರಿಂದ ಊರೂರಿಗೆ ಎಕ್ಸ್-ರೇ ವಾಹನವನ್ನು ಕೊಂಡೊಯ್ಯುವುದಕ್ಕಿಂತ, ತಾನಾಗಿ ಬರುವ ರೋಗಿಯನ್ನು ಹತ್ತಿರದ ಆರೋಗ್ಯಕೇಂದ್ರದಲ್ಲಿ ಸರಿಯಾಗಿ ನೋಡಿಕೊಳ್ಳುವುದೇ ಮೇಲೆಂಬ ನೀತಿಯು ದೇಶಕ್ಕೆಲ್ಲ ಒಪ್ಪಿತವಾಯಿತು. ಹೃದಯದ ಪ್ರಶ್ನೆಗೆ ಬಂದಾಗ ಈ ಪಾಠವು ತಲೆಕೆಳಗಾಗುವುದೇ ಇಲ್ಲಿ ಗಮನಿಸಬೇಕಾದ ಸೂಕ್ಷ್ಮ. ಕ್ಷಯವು ಕೆಮ್ಮಿ ಕೂಗಿ ಹೇಳುತ್ತದೆ. ಏರಿದ ರಕ್ತದೊತ್ತಡವು ಹತ್ತು ವರ್ಷ ಮೈಯೊಳಗಿದ್ದರೂ ಒಂದು ಮಾತನ್ನೂ ಆಡುವುದಿಲ್ಲ. ಅರಿವಿಲ್ಲದ ರೋಗವನ್ನು ರೋಗಿಯೇ ತಂದು ತೋರಿಸಲಿ ಎಂದು ಕಾದು ಕುಳಿತರೆ ಅವನು ಬರುವುದು ಕೊನೆಯ ಗಂಟೆಯಲ್ಲಿ.

ಹಿಂದೆ ನಮ್ಮ ಆಸ್ಪತ್ರೆಗಳಲ್ಲಿ ಹೃದ್ರೋಗವೆಂದರೆ ಬಡವರ ಮಕ್ಕಳ ಹೃದ್ರೋಗವೇ ಎದ್ದು ಕಾಣುತ್ತಿದ್ದಿತು. ಗಂಟಲುನೋವಿನ ಬೆನ್ನಿಗೆ ಬರುವ ಕೀಲುವಾತಜ್ವರವು ಗಂಟುಗಳನ್ನು ಬಿಟ್ಟುಹೋದರೂ ಹೃದಯದ ಕವಾಟಗಳಲ್ಲಿ ಕಲೆಯನ್ನು ಬಿಟ್ಟು, ಇಪ್ಪತ್ತರ ಹರೆಯದಲ್ಲಿ ಏದುಸಿರಾಗಿ ತೋರುತ್ತಿದ್ದ ಆ ಕಾಯಿಲೆಗೆ, ಮೂರುನಾಲ್ಕು ವಾರಕ್ಕೊಮ್ಮೆ ತಪ್ಪದೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದೇ ಕಾವಲು. ರಕ್ತನಾಳ ಕಟ್ಟಿಕೊಂಡು ಬರುವ ಹೃದಯಾಘಾತವನ್ನಾದರೋ ಉಳ್ಳವರ, ಪಟ್ಟಣಿಗರ, ಮುದುಕರ ಕಾಯಿಲೆಯೆಂದು ತಿಳಿದು ಕಣ್ಣು ಮುಚ್ಚಿಕೊಂಡ ಕಾಲ ದೀರ್ಘವಾಯಿತು. ಅಳೆಯುವ ಸಾಧನವಿರಲಿಲ್ಲವೆಂದಲ್ಲ. ಇಟಲಿಯ ರಿವಾ-ರೋಚಿ ತೋಳಿಗೆ ಸುತ್ತುವ ಪಟ್ಟಿಯನ್ನು ರೂಪಿಸಿದ್ದು 1896ರಲ್ಲಿ; ರಷ್ಯದ ಕೊರೊಟ್ಕಾಫ್ ನಾಳದ ಸದ್ದನ್ನು ಕೇಳಿ ಒತ್ತಡವನ್ನು ಓದುವ ವಿಧಾನವನ್ನು ತಿಳಿಸಿದ್ದು 1905ರಲ್ಲಿ. ಆದರೆ ಆ ಅಂಕಿಗಳು ಮುಂಬರುವ ಆಪತ್ತಿನ ಮುನ್ಸೂಚನೆಗಳೆಂದು ನಿಶ್ಚಯವಾಗಿ ತಿಳಿಯಲು, ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಪುಟ್ಟ ಪಟ್ಟಣದ 5,209 ಮಂದಿ ಸ್ತ್ರೀಪುರುಷರು 1948ರಿಂದ ಮೊದಲುಗೊಂಡು, ಎರಡು ವರ್ಷಕ್ಕೊಮ್ಮೆ ಬಂದು ತಮ್ಮನ್ನು ಅಳೆಯಿಸಿಕೊಳ್ಳಬೇಕಾಯಿತು. ಏರಿದ ಒತ್ತಡ, ರಕ್ತದ ಕೊಬ್ಬು, ಹೊಗೆಸೊಪ್ಪು, ಇವುಗಳ ಅಪಾಯವನ್ನು ಜಗತ್ತು ಕಲಿತದ್ದು ಆ ಆರೋಗ್ಯವಂತರ ತಾಳ್ಮೆಯಿಂದ.

ಇಂಥದೇ ತಾಳ್ಮೆಯ ಕಥೆಯೊಂದು ನಮ್ಮ ಸಮೀಪದಲ್ಲಿಯೇ, ಮೈಸೂರಿನಲ್ಲಿಯೇ ನಡೆದಿದೆಯೆಂಬುದನ್ನು ಬಲ್ಲವರು ಕಡಮೆ. ಅದನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಮೈಸೂರಿಗರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ವೆಸ್ಲಿಯನ್ ಮಿಷನರಿಗಳು 1906ರಲ್ಲಿ ತೆರೆದರು. ಅಲ್ಲಿ ಹೆರಿಗೆಯಾದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು 1934ರಿಂದೀಚೆಗೆ ದಾದಿಯರು ದಫ್ತರಗಳಲ್ಲಿ ಕ್ರಮವಾಗಿ ಬರೆದಿಡುತ್ತ ಬಂದರು. ತಾವು ಬರೆಯುತ್ತಿರುವುದು ಮುಂದೊಂದು ದಿನ ಹೃದ್ರೋಗದ ಸಾಕ್ಷ್ಯವಾದೀತೆಂಬ ಕಲ್ಪನೆ ಅವರಲ್ಲಿ ಯಾರಿಗೂ ಇದ್ದಿರಲಾರದು. ರಾತ್ರಿಯ ಪಾಳಿಯಲ್ಲಿ, ದೀಪದ ಬೆಳಕಿನಲ್ಲಿ, ದಣಿದ ಕೈಗಳು ಬರೆದ ಆ ಅಂಕಿಗಳು ಅರ್ಧ ಶತಮಾನ ಮಲಗಿದ್ದುವು.

ಈ ನಡುವೆ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ, ಸೂಲಗಿತ್ತಿಯರು 1911ರಿಂದ ಬರೆದಿಟ್ಟಿದ್ದ ಇಂಥವೇ ದಫ್ತರಗಳನ್ನು ಆಧರಿಸಿ, ಡೇವಿಡ್ ಬಾರ್ಕರ್ ಎಂಬ ವೈದ್ಯವಿಜ್ಞಾನಿಯು 1989ರಲ್ಲಿ, ಹುಟ್ಟಿದಾಗ ಕಡಮೆ ತೂಗಿದ ಕೂಸುಗಳೇ ಮುಂದೆ ಹೃದ್ರೋಗದಿಂದ ಹೆಚ್ಚಾಗಿ ಸಾಯುತ್ತಾರೆಂಬ, ಆಗ ಅನೇಕರಿಗೆ ನಂಬಲಾಗದಿದ್ದ ಸಿದ್ಧಾಂತವನ್ನು ಮುಂದಿಟ್ಟನು. ಅದು ನಮ್ಮ ದೇಶಕ್ಕೂ ಸಲ್ಲುವುದೋ ಎಂದು ಪರೀಕ್ಷಿಸಲು ಬೇಕಾದುದು ಹಳೆಯ ಭಾರತೀಯ ಜನನ ದಫ್ತರ. ಅದು ಮೈಸೂರಿನಲ್ಲಿದ್ದಿತು. ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್ ಮೊದಲಾದ ಸಂಶೋಧಕರು ಮಿಷನ್ ಆಸ್ಪತ್ರೆಯ ವೈದ್ಯರೊಡಗೂಡಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಅದೇ ಸುತ್ತಿನಲ್ಲಿ ಬಾಳುತ್ತಿದ್ದ 517 ಮಂದಿ ಸ್ತ್ರೀಪುರುಷರನ್ನು ಪತ್ತೆಹಚ್ಚಿ ಪರೀಕ್ಷಿಸಿದರು. ಫಲಿತಾಂಶವು 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿದ್ದಿತು. ಮೂರು ಕಿಲೋಗೂ ಮೇಲೆ ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ.

ಈ ಎರಡು ಅಂಕಿಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಹೃದಯಾಘಾತವನ್ನು ತಿಂದುಂಡು ಕೊಬ್ಬಿದವರ ದಂಡನೆಯೆಂದು ಭಾವಿಸುವವರಿಗೆ ಇದಕ್ಕಿಂತ ಪ್ರಬಲವಾದ ಉತ್ತರವಿಲ್ಲ. ಬಸುರಿಯಾದಾಗ ಹೊಟ್ಟೆತುಂಬ ಉಣ್ಣದ ತಾಯಿಯ ಕೊರತೆಯು ಐವತ್ತು ವರ್ಷದ ತರುವಾಯ ಮಗನ ಎದೆಯಲ್ಲಿ ನೋವಾಗಿ ಏಳುವುದಾದರೆ, ಹೃದಯರಕ್ಷಣೆಯ ಮೊದಲ ಕಾರ್ಯಕರ್ತೆಯು ಅಂಗನವಾಡಿಯಲ್ಲಿ ಗರ್ಭಿಣಿಗೆ ಮೊಟ್ಟೆ, ಕಾಳು, ಹಾಲುಗಳನ್ನು ಬಡಿಸುವ ಹೆಣ್ಣುಮಗಳೆಂದೇ ಹೇಳಬೇಕಾಗುತ್ತದೆ. ಅವಳ ವೇತನವನ್ನು ಕುರಿತ ಚರ್ಚೆಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ, ಎತ್ತಬೇಕು.

ನಮ್ಮವರಿಗೆ ಹೃದಯಾಘಾತ ಬೇಗ ಬರುತ್ತದೆಂಬುದೂ ಬರಿಯ ಮಾತಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನದ ಪ್ರಕಾರ, ಭಾರತ ಮತ್ತು ನೆರೆಯ ದೇಶಗಳಲ್ಲಿ ಮೊದಲ ಆಘಾತದ ಸರಾಸರಿ ವಯಸ್ಸು 53. ಉಳಿದ ದೇಶಗಳಲ್ಲಿ ಸುಮಾರು 59. ಅದೇ ಅಧ್ಯಯನವು ಅಪಾಯದ ಬಹುಪಾಲನ್ನು ಒಂಬತ್ತು ಕಾರಣಗಳಿಗೆ ಕಟ್ಟಿತು; ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು, ಹೊಟ್ಟೆಯ ಬೊಜ್ಜು ಮೊದಲಾದ ಆ ಕಾರಣಗಳಲ್ಲಿ ಬಹಳಷ್ಟನ್ನು ಹಳ್ಳಿಯಲ್ಲಿಯೇ, ಟೇಪು, ತೋಳಪಟ್ಟಿ, ಒಂದು ಹನಿ ರಕ್ತ, ನಾಲ್ಕು ಪ್ರಶ್ನೆಗಳಿಂದ ತಿಳಿಯಬಹುದು.

ಹೀಗಿದ್ದರೂ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರಾಜ್ಯದ ಗಮನವೆಲ್ಲ ಚಿಕಿತ್ಸೆಯ ಕಡೆಗೇ ಹರಿಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ತಲೆಯೆತ್ತಿದ ಜಯದೇವ ಹೃದ್ರೋಗ ಸಂಸ್ಥೆಯು ಬಡವರಿಗೂ ಹೃದಯದ ಚಿಕಿತ್ಸೆ ದೊರೆಯುವಂತೆ ಮಾಡಿತು. ಮುಂದೆ ಮೈಸೂರು, ಕಲಬುರಗಿಗಳಲ್ಲಿ ಅದರ ಶಾಖೆಗಳಾದುವು. ಸಹಕಾರ ಸಂಘಗಳ ಸದಸ್ಯರಾದ ರೈತರಿಗೆ ತಿಂಗಳಿಗೆ ಐದೇ ರೂಪಾಯಿಯ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆಯ ರಕ್ಷಣೆ ಕೊಟ್ಟ ಯಶಸ್ವಿನಿ ಯೋಜನೆಯು 2003ರಲ್ಲಿ ಕಾರ್ಯರೂಪಕ್ಕೆ ಬಂದಿತು. ಅದಕ್ಕೆ ಮುನ್ನವೇ, ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿದ್ದರು. ಇವು ಹೆಮ್ಮೆಪಡತಕ್ಕ ಕಾರ್ಯಗಳೇ ಸರಿ. ಆದರೆ ಸ್ಟೆಂಟು ಹಾಕಿಸಿದ್ದಕ್ಕೆ ಲೆಕ್ಕವೂ ಫೋಟೋವೂ ಉಂಟು, ಬಾರದೆಹೋದ ಆಘಾತಕ್ಕೆ ಎರಡೂ ಇಲ್ಲ. ಆ ಕಾರಣದಿಂದಲೇ ತಡೆಯುವ ಕೆಲಸಕ್ಕೆ ಹಣವೂ ಕೀರ್ತಿಯೂ ಕಡಮೆಯಾದುವು.

ಬಂದ ಆಘಾತವನ್ನು ಗುರುತಿಸುವುದರಲ್ಲಿಯೂ ದೂರವೇ ಶತ್ರು. ಬೆಂಗಳೂರಿನ ಸಂತ ಜಾನ್ ವೈದ್ಯ ಕಾಲೇಜಿನ ಡೆನಿಸ್ ಕ್ಸೇವಿಯರ್ ಮೊದಲಾದವರು ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಮೀರಿದ ರೋಗಿಗಳನ್ನು ಕುರಿತು 2008ರಲ್ಲಿ ಪ್ರಕಟಿಸಿದ ವರದಿಯಿಂದ, ನೋವು ಕಾಣಿಸಿಕೊಂಡವನು ಆಸ್ಪತ್ರೆ ಮುಟ್ಟಲು ಸಾಮಾನ್ಯವಾಗಿ ಐದಾರು ಗಂಟೆ ಹಿಡಿಯುವುದೆಂದು ತಿಳಿಯಿತು. ಮಲೆನಾಡಿನಲ್ಲಿ ಈ ವಿಳಂಬದ ಅರ್ಧ ರಸ್ತೆಯದು, ಅರ್ಧ ಮನೆಯದು. ಎದೆ ಹಿಂಡಿ ಬೆವರು ಕಿತ್ತು ಬಂದರೂ ‘ಗ್ಯಾಸ್ಟ್ರಿಕ್ ಆಗಿರಬೇಕು, ಒಂದು ಸೋಡಾ ಕುಡಿದು ಮಲಗಿ, ಬೆಳಿಗ್ಗೆ ನೋಡೋಣ’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುವ ಮಾತಿನಲ್ಲಿ ಎಷ್ಟು ಅಮೂಲ್ಯ ಗಂಟೆಗಳು ಕಳೆದುಹೋಗಿವೆಯೋ! ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು, ಗ್ರಾಮೀಣ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ದಾನವಾಗಿ ಕೊಡಿಸಿ, ಹಳ್ಳಿಯ ವೈದ್ಯರು ಮೊಬೈಲಿನಲ್ಲಿ ಕಳಿಸಿದ ಪಟ್ಟಿಯನ್ನು ತಜ್ಞರು ಕೂಡಲೇ ಓದಿ ಹೇಳುವ ಏರ್ಪಾಡನ್ನು ಕಟ್ಟಿದ್ದು ಈ ವಿಳಂಬವನ್ನು ಕಂಡೇ. ಕೊಡಗಿನಲ್ಲಿ ತುರ್ತುಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಜನರು, ಅದರಲ್ಲಿಯೂ ತರುಣರು, ಸಾಮಾಜಿಕ ಜಾಲತಾಣಗಳಲ್ಲಿ ಎತ್ತಿದ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. 2021ರ ಅಕ್ಟೋಬರ್ 29ರಂದು, ನಾಲ್ವತ್ತಾರರ ವಯಸ್ಸಿನ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡಿಗೆ ನಾಡೇ ತತ್ತರಿಸಿದುದನ್ನು ವರ್ಣಿಸಬೇಕಾಗಿಲ್ಲ. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯು 2023ರಲ್ಲಿ ಆರಂಭವಾಗಿ, ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ಜಯದೇವದಂಥ ಕೇಂದ್ರಕ್ಕೆ ಕಳುಹಿಸಿ ಓದಿಸಿ, ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ತಂದಿತು.

ಆದರೆ ಭಯದಿಂದ ಹುಟ್ಟಿದ ಎಚ್ಚರಿಕೆ ಎಷ್ಟು ದಿನ ಬಾಳುತ್ತದೆ? 2025ರ ಮೇ, ಜೂನ್ ತಿಂಗಳುಗಳಲ್ಲಿ ಕೊಡ್ಲಿಪೇಟೆಯ ನೆರೆಯ ಹಾಸನ ಜಿಲ್ಲೆಯಿಂದ, ಹರೆಯದವರೂ ಸೇರಿದಂತೆ ಹಲವರು ಹಠಾತ್ತಾಗಿ ಹೃದಯಾಘಾತದಿಂದ ಸತ್ತರೆಂಬ ವಾರ್ತೆಗಳು ದಿನದಿನವೂ ಬರತೊಡಗಿದುವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತು. ಯಾವ ತೊಂದರೆಯೂ ಇಲ್ಲದವರು ಇ.ಸಿ.ಜಿ.ಗಾಗಿ ಕಾದು, ನಿಜವಾಗಿ ಎದೆನೋವಿನಿಂದ ಬಂದವರಿಗೆ ಜಾಗವಿಲ್ಲದಂತಾಗುವ ಪರಿಸ್ಥಿತಿ ಬಂದಿತು. ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯಲ್ಲಿ ನೇಮಿಸಿದ ತಜ್ಞರ ಸಮಿತಿಯು 24 ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವುಗಳಲ್ಲಿ 20 ಹೃದಯಸಂಬಂಧವಾದುವೆಂದೂ, ಆ ಅವಧಿಯಲ್ಲಿ ಹಾಸನದಲ್ಲಿ ಅಸಾಧಾರಣವಾದ ಏರಿಕೆಯೇನೂ ಆಗಿಲ್ಲವೆಂದೂ, ಕೋವಿಡ್ ಲಸಿಕೆಯೊಡನೆ ಸಂಬಂಧ ಕಾಣಲಿಲ್ಲವೆಂದೂ, ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜುಗಳಂಥ ಹಳೆಯ ಕಾರಣಗಳೇ ಎದ್ದು ಕಾಣುತ್ತವೆಂದೂ ವರದಿಯಿತ್ತಿತು. ಮೃತರಲ್ಲಿ ಬಾಡಿಗೆ ವಾಹನಗಳ ಚಾಲಕರು ಗಣನೀಯವಾಗಿದ್ದುದನ್ನೂ ಎತ್ತಿ ಹೇಳಿತು. ಹೊಸ ಮಾರಿಯನ್ನು ಹುಡುಕುತ್ತಿದ್ದ ಜನರಿಗೆ ಈ ಉತ್ತರ ಸಪ್ಪೆಯೆನಿಸಿರಬಹುದು. ನನಗಾದರೋ ಇದು ಅತ್ಯಂತ ಗಂಭೀರವಾದ ಉತ್ತರವಾಗಿ ಕಂಡಿತು: ಹೊಸತೇನೂ ಇಲ್ಲವೆಂದರೆ, ಈ ಸಾವುಗಳು ಹಿಂದಿನಿಂದಲೂ ನಡೆಯುತ್ತಿದ್ದುವು, ನಾವು ಎಣಿಸಿರಲಿಲ್ಲ ಎಂದು ಅರ್ಥ. ಇ.ಸಿ.ಜಿ.ಯು ಆ ಗಳಿಗೆಯ ಹೃದಯವನ್ನು ಮಾತ್ರ ತೋರಿಸುತ್ತದೆ. ಒಂದು ದಿನ ಸಾಲಿನಲ್ಲಿ ನಿಂತು ‘ನಾರ್ಮಲ್’ ಎಂದು ಬರೆಯಿಸಿಕೊಂಡು, ಹಿಂದಿರುಗುವ ದಾರಿಯಲ್ಲಿಯೇ ಬೀಡಿ ಹಚ್ಚಿದವನಿಗೆ ಆ ಕಾಗದದಿಂದ ಯಾವ ರಕ್ಷೆಯೂ ಇಲ್ಲ.

ಒಂದು ಪ್ರಾಂತವೇ ತನ್ನ ಊಟವನ್ನು ಬದಲಿಸಿಕೊಂಡು ಹೃದಯವನ್ನು ಉಳಿಸಿಕೊಂಡ ಉದಾಹರಣೆಯನ್ನು ಫಿನ್ಲೆಂಡಿನ ಉತ್ತರ ಕರೇಲಿಯ ತೋರಿಸಿದೆ. ಬೆಣ್ಣೆ, ಉಪ್ಪು, ಹೊಗೆಬತ್ತಿಗಳಲ್ಲಿ ಮುಳುಗಿದ್ದ ಆ ಕಾಡುಸೀಮೆಯಲ್ಲಿ 1972ರಲ್ಲಿ ಪೆಕ್ಕಾ ಪುಸ್ಕ ಎಂಬ ತರುಣ ವೈದ್ಯನ ಮುಂದಾಳುತನದಲ್ಲಿ ಹೊರಟ ಪ್ರಯತ್ನವು ಗೃಹಿಣಿಯರ ಸಂಘಗಳನ್ನೂ ಅಂಗಡಿಕಾರರನ್ನೂ ಶಾಲೆಗಳನ್ನೂ ಕೂಡಿಸಿಕೊಂಡು ನಡೆದು, ಮೂರೂವರೆ ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗಮರಣವನ್ನು ನೂರಕ್ಕೆ 80ಕ್ಕೂ ಮೀರಿ ಇಳಿಸಿತು. ನಮ್ಮಲ್ಲಿಯೂ ಇದಕ್ಕೆ ಬೇಕಾದ ಕೂಟಗಳಿಗೆ ಕೊರತೆಯಿಲ್ಲ. ಸ್ತ್ರೀಶಕ್ತಿ ಸಂಘಗಳುಂಟು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳೂ, ಅದರ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ ಉಂಟು, ಶನಿವಾರಸಂತೆಯೆಂಬ ಊರಿನ ಹೆಸರೇ ಸಾರುವಂತೆ ಜನ ಸೇರುವ ಸಂತೆಗಳುಂಟು. ಮಳೆಗಾಲಕ್ಕೆಂದು ಕೂಡಿಡುವ ಒಣಮೀನು, ಅಕ್ಕಿರೊಟ್ಟಿಯ ಜತೆಗಿನ ಉಪ್ಪಿನಕಾಯಿ, ಕೆಲಸದ ನಡುವೆ ದವಡೆಗಿಡುವ ಎಲೆ, ಅಡಕೆ, ಹೊಗೆಸೊಪ್ಪು, ಇವುಗಳ ಮಾತನ್ನು ಆಸ್ಪತ್ರೆಯ ಗೋಡೆಯ ಭಿತ್ತಿಪತ್ರವು ಹೇಳುವುದಕ್ಕಿಂತ, ತಾನೂ ಅದನ್ನೇ ಉಂಡು ಬೆಳೆದ ಪಕ್ಕದ ಮನೆಯ ಅಕ್ಕ ಸಂಘದ ಸಭೆಯಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ.

2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾಗಿ ಮರುವರ್ಷ ಇತರ ಜಿಲ್ಲೆಗಳಿಗೂ ಹಬ್ಬಿದ ಗೃಹ ಆರೋಗ್ಯ ಯೋಜನೆಯಲ್ಲಿ, ಆರೋಗ್ಯ ಸಿಬ್ಬಂದಿಯು ಮೂವತ್ತು ದಾಟಿದವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಮನೆಯಲ್ಲಿಯೇ ಅಳೆದು, ಬೇಕಾದವರಿಗೆ ಗುಳಿಗೆಯನ್ನು ಅಲ್ಲಿಗೇ ತಲುಪಿಸಬೇಕೆಂಬ ಕ್ರಮವಿದೆ. ಮಲೇರಿಯಾ ನೌಕರನು ಗೋಡೆಯ ಮೇಲೆ ದಿನಾಂಕ ಬರೆದುಹೋದ ಪದ್ಧತಿಯ ನೇರ ವಂಶಜವೆಂದೇ ಇದನ್ನು ನಾನು ಬಗೆದಿದ್ದೇನೆ. ಆದರೆ ಕೊಡಗು, ಹಾಸನಗಳ ತೋಟದ ಸೀಮೆಯಲ್ಲಿ ಇದಕ್ಕೊಂದು ವಿಶೇಷವಾದ ತೊಡಕುಂಟು. ಇಲ್ಲಿ ಮನೆಯೆಂದರೆ ಊರೊಳಗಿನ ಹೆಂಚಿನ ಮನೆ ಮಾತ್ರವಲ್ಲ. ತೋಟದೊಳಗಿನ ಲೈನ್ ಮನೆಯೂ ಮನೆಯೇ. ಅಸ್ಸಾಮಿನಿಂದಲೂ ತಮಿಳುನಾಡಿನಿಂದಲೂ ಬಂದವರು, ಹಾಡಿಯಿಂದ ಬಂದ ಎರವರು, ಜೇನುಕುರುಬರು, ಒಂದು ತೋಟದಲ್ಲಿ ಕಾಫಿಯ ಕುಯಿಲು ಮುಗಿಸಿ ಇನ್ನೊಂದಕ್ಕೆ ನಡೆಯುತ್ತಾರೆ. ಜನವರಿಯಲ್ಲಿ ಒಂದು ಲೈನಿನಲ್ಲಿ ಅಳೆದ ಒತ್ತಡವು ಜೂನಿನಲ್ಲಿ ಬೇರೆ ತಾಲ್ಲೂಕಿನಲ್ಲಿರುತ್ತದೆ, ದಫ್ತರ ಮಾತ್ರ ಹಿಂದೆ ಉಳಿಯುತ್ತದೆ. ಇವರಿಗೆ ಅಳತೆಯ ಚೀಟಿಯು ಆಸ್ಪತ್ರೆಯಲ್ಲಿರದೆ ಅವರ ಕೈಯಲ್ಲಿಯೇ, ಅವರು ಓದಬಲ್ಲ ಅಥವಾ ಓದಿಸಿಕೊಳ್ಳಬಲ್ಲ ಭಾಷೆಯಲ್ಲಿ ಇರಬೇಕು. ಗುಳಿಗೆಯನ್ನು ವಾರಕ್ಕಲ್ಲದೆ ಎರಡುಮೂರು ತಿಂಗಳಿಗೆ ಒಟ್ಟಾಗಿ ಕೊಡಬೇಕು. ಅಳೆಯುವವರು ಕೂಲಿಯ ಹೊತ್ತಿನಲ್ಲಿ ಬಂದು ಬೀಗ ನೋಡಿ ಹಿಂದಿರುಗದೆ, ಸಂಜೆ ಕೆಲಸ ಬಿಟ್ಟ ಮೇಲೆ ಲೈನಿಗೆ ಬರಬೇಕು, ಇಲ್ಲವೆ ಸಂತೆಯ ದಿನ ಪೇಟೆಯಲ್ಲಿಯೇ ಮೇಜು ಹಾಕಿ ಕೂರಬೇಕು. ತೋಟದ ಯಜಮಾನರು ಆ ಒಂದು ಗಂಟೆಗೆ ಕೂಲಿ ಹಿಡಿಯಬಾರದು.